ಒಯ್ಯುವ ತಂತಿ, ವಿಚಾರಿಸುವ ತಂತಿ

ಮೈಸೂರಿನಿಂದ ಹ್ಯಾಂಡ್‌ಪೋಸ್ಟ್ ದಾಟಿ ಮಾನಂದವಾಡಿಯತ್ತ ಸಾಗುವ ರಸ್ತೆಯ ಅಂತರಸಂತೆಯಲ್ಲಾಗಲಿ, ಮೈಸೂರಿನ ಯಾವುದೇ ಬಡಾವಣೆಯಲ್ಲಾಗಲಿ, ಕಂಪ್ಯೂಟರಿನಲ್ಲಿರುವ ಹಾಡನ್ನು ಹೋಮ್ ಥಿಯೇಟರ್ ರಿಸೀವರಿಗೆ ಹಾಯಿಸುವುದು ಇಂದು ಒಂದು ವೈರು ಚುಚ್ಚುವಷ್ಟರ ಕೆಲಸ. ಇದನ್ನು ಡಿಜಿಟಲ್ ಯುಗದ ಕೊಡುಗೆ ಎನ್ನುವುದು ರೂಢಿ. ಆದರೆ ಒಂದು ಯಂತ್ರದ ಧ್ವನಿಯನ್ನು ಇನ್ನೊಂದು ಯಂತ್ರದ ಬಲದಿಂದ ಕೇಳಿಸುವ ಪದ್ಧತಿ ನಮ್ಮ ಅಜ್ಜಂದಿರ ಕಾಲದ್ದು. ಹೊಸದಾಗಿ ಬಂದದ್ದು ಬೇರೆ. ವೈರಿನೊಳಗೆ ಧ್ವನಿಯ ಅಲೆಯ ಬದಲು ಅಂಕಿ ಹರಿಯತೊಡಗಿದ ಮೇಲೆ, ಏನು ದಾಟಬಹುದು, ಏನು ದಾಟಬಾರದು ಎಂದು ತೀರ್ಮಾನಿಸುವ ಅಧಿಕಾರ ಮನೆಯವರ ಕೈಯಿಂದ ಯಂತ್ರ ಮಾಡಿದವರ ಕೈಗೆ ಸರಿಯಿತು. ಧ್ವನಿಯ ಗುಣಮಟ್ಟದಲ್ಲಿ ಆದ ಬದಲಾವಣೆಗಿಂತ ಇದು ದೊಡ್ಡದು.

ಹಳೆಯ ವ್ಯವಸ್ಥೆ ಹೇಗಿತ್ತೆಂಬುದಕ್ಕೆ ಮೈಸೂರೇ ಒಳ್ಳೆಯ ಸಾಕ್ಷಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ, ಕೇವಲ 30 ವಾಟ್ ಶಕ್ತಿಯ ಪ್ರೇಷಕದಿಂದ ಬಾನುಲಿ ಪ್ರಸಾರ ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಬಂದ ‘ಆಕಾಶವಾಣಿ’ ಎಂಬ ಹೆಸರು ಮೊದಲು ನಿಂತದ್ದು ಈ ಪುಟ್ಟ ನಿಲಯಕ್ಕೆ. ಅದನ್ನು ಕೇಳುವ ಸೆಟ್ಟು ಯಾವ ಕಂಪನಿಯದೆಂದು ಅಲೆ ವಿಚಾರಿಸುತ್ತಿರಲಿಲ್ಲ. ಆ ಕಾಲದ ಅನೇಕ ವಾಲ್ವ್ ರೇಡಿಯೋಗಳ ಬೆನ್ನಿನಲ್ಲಿ ‘ಪಿಕಪ್’ ಎಂದು ಗುರುತು ಹಾಕಿದ ಎರಡು ತೂತುಗಳಿದ್ದವು. ಗ್ರಾಮಫೋನಿನ ವಿದ್ಯುತ್ ಪಿಕಪ್ಪಿನ ತಂತಿಯನ್ನು ಅಲ್ಲಿಗೆ ಸಿಕ್ಕಿಸಿದರೆ ತಟ್ಟೆಯ ಹಾಡು ರೇಡಿಯೋದ ಆಂಪ್ಲಿಫೈಯರಿನಲ್ಲಿ ಹಿಗ್ಗಿ, ಅದರ ಸ್ಪೀಕರಿನಲ್ಲೇ ಮೊಳಗುತ್ತಿತ್ತು. ಇಂದಿಗೂ ಬಳಕೆಯಲ್ಲಿರುವ ಆರ್‌ಸಿಎ ಪಿನ್ನು ಹುಟ್ಟಿದ್ದೂ 1930ರ ದಶಕದಲ್ಲಿ, ಇಂಥದೇ ಜೋಡಣೆಗಾಗಿ. ಸ್ಥಿತಿವಂತರ ಮಟ್ಟದಲ್ಲೂ ಇದೇ ಧಾರಾಳತನವಿತ್ತು. ಜಯಚಾಮರಾಜೇಂದ್ರ ಒಡೆಯರ ನೆರವಿನಿಂದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರರ ಕೃತಿಗಳು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ತಟ್ಟೆಗಳಾಗಿ ಹೊರಬಂದವು. ಅರಮನೆಯ ತಟ್ಟೆಗಳ ಭಂಡಾರವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡು ಬೆರಗಾದದ್ದನ್ನು ಧ್ವನಿಮುದ್ರಣದ ನಿರ್ಮಾಪಕ ವಾಲ್ಟರ್ ಲೆಗ್ ಬರೆದಿದ್ದಾರೆ. ಆದರೆ ಮಹಾರಾಜರು ಹಣ ಕೊಟ್ಟು ಮುದ್ರಿಸಿದ ತಟ್ಟೆಯೂ ನಿಮಿಷಕ್ಕೆ 78 ಸುತ್ತು ತಿರುಗುವ ಯಾವ ಬಡ ಗ್ರಾಮಫೋನಿನಲ್ಲಾದರೂ ಹಾಡುತ್ತಿತ್ತು.

1982ರಲ್ಲಿ ಸಿ.ಡಿ. ಬಂದಾಗ ಈ ಕಥೆ ತಿರುವು ಪಡೆಯಿತು. ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದರೆ, ಎರಡು ಚಾನೆಲ್‌ಗಳಿಗೆ ಸೆಕೆಂಡಿಗೆ 14 ಲಕ್ಷ ಚಿಲ್ಲರೆ ಬಿಟ್‌ಗಳಾಗುತ್ತವೆ. ಅವನ್ನು ಹಾಗೆಯೇ ದಾಟಿಸಲು ಸೋನಿ ಮತ್ತು ಫಿಲಿಪ್ಸ್ ‘ಎಸ್‌ಪಿಡಿಐಎಫ್’ ಕಟ್ಟಳೆ ರೂಪಿಸಿದವು. 1983ರಲ್ಲಿ ತೋಶಿಬಾ ಅದನ್ನು ಕೆಂಪು ಬೆಳಕಾಗಿಸಿ ಪ್ಲಾಸ್ಟಿಕ್ ಎಳೆಯಲ್ಲಿ ಹರಿಸಿತು; ರಿಸೀವರಿನ ಹಿಂದೆ ‘ಆಪ್ಟಿಕಲ್’ ಎಂದು ಬರೆದಿರುವ ಚೌಕ ಕಿಂಡಿ ಅದೇ. ಹಾಡಿನ ಅಂಕಿಗಳ ಜೊತೆಗೆ ಆ ಕಟ್ಟಳೆಯಲ್ಲಿ ಇನ್ನೂ ಕೆಲವು ಬಿಟ್‌ಗಳಿಗೆ ಜಾಗವಿತ್ತು. ಇದನ್ನು ನಕಲು ಮಾಡಬಹುದೇ, ಇದು ಈಗಾಗಲೇ ನಕಲೇ ಎಂದು ಅವು ಹೇಳುತ್ತಿದ್ದವು. ಡಿಜಿಟಲ್ ರೆಕಾರ್ಡರುಗಳು ಈ ಗುರುತನ್ನು ಪಾಲಿಸಲೇಬೇಕೆಂದು ಅಮೆರಿಕ 1992ರಲ್ಲಿ ಕಾನೂನನ್ನೇ ಮಾಡಿತು. 2002ರ ಕೊನೆಗೆ ಬಂದ ಎಚ್‌ಡಿಎಂಐ ಎಂಟು ಚಾನೆಲ್‌ಗಳ ಧ್ವನಿಯನ್ನೂ ಚಿತ್ರವನ್ನೂ ಒಂದೇ ಕೇಬಲ್ಲಿಗೆ ತಂದಿತು. ಅದರೊಂದಿಗೆ ಎಚ್‌ಡಿಸಿಪಿ ಎಂಬ ಕಾವಲೂ ಬಂತು. ಎದುರಿನ ಯಂತ್ರ ಸರಿಯಾದ ಗುಪ್ತ ಕೀಲಿ ತೋರಿಸದಿದ್ದರೆ ರಕ್ಷಿತ ಸಿನಿಮಾವನ್ನು ಮೂಲಯಂತ್ರ ಕೊಡುವುದೇ ಇಲ್ಲ. ಪಿಕಪ್ ತೂತಿಗೆ ಇಂಥ ಪ್ರಶ್ನೆ ಕೇಳುವ ಬಾಯಿಯೇ ಇರಲಿಲ್ಲ.

ಗುಣಮಟ್ಟ ಸುಧಾರಿಸಿದ್ದು ಸುಳ್ಳೇ ಎಂದು ಕೇಳಬಹುದು. ಖಂಡಿತ ಅಲ್ಲ. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಕಂಪ್ಯೂಟರನ್ನು ಸಾದಾ ವೈರಿನಿಂದ ಆಂಪ್ಲಿಫೈಯರಿಗೆ ಜೋಡಿಸಿದರೆ ಗುಂಯ್ ಎನ್ನುವ ಹಿನ್ನೆಲೆ ಸದ್ದು ಬರುತ್ತದೆ. ಆಪ್ಟಿಕಲ್ ಎಳೆಯಲ್ಲಿ ಕರೆಂಟೇ ಹರಿಯದ ಕಾರಣ ಆ ಕಾಟ ಹೋಗುತ್ತದೆ. ಹಾಗಿದ್ದೂ ಗುಣಮಟ್ಟವೇ ಈ ಬದಲಾವಣೆಯ ಚಾಲಕಶಕ್ತಿಯಾಗಿತ್ತು ಎನ್ನಲು ಪುರಾವೆ ಒಪ್ಪುವುದಿಲ್ಲ. ಎಸ್‌ಎಸಿಡಿ ಮತ್ತು ಡಿವಿಡಿ-ಆಡಿಯೋ ಎಂಬ ಉತ್ಕೃಷ್ಟ ತಟ್ಟೆಗಳು ಬಂದಾಗ, ಅವುಗಳ ಪೂರ್ಣ ಧ್ವನಿಯನ್ನು ಬಹುತೇಕ ಪ್ಲೇಯರುಗಳು ಡಿಜಿಟಲ್ ಕಿಂಡಿಯಿಂದ ಕೊಡಲೇ ಇಲ್ಲ. ಕೇಳುಗರು ಆರು ಅನಲಾಗ್ ವೈರುಗಳನ್ನು ಎಳೆಯಬೇಕಾಯಿತು. ಅಂಕಿಗಳಿಗೆ ಭದ್ರ ಬೀಗ ಸಿಗುವ ತನಕ ಒಳ್ಳೆಯ ಧ್ವನಿಯನ್ನು ಹಳೆಯ ದಾರಿಯಲ್ಲೇ ಕಳಿಸಿದರೆಂದರೆ, ಆದ್ಯತೆ ಯಾವುದಕ್ಕಿತ್ತೆಂದು ಬೇರೆ ಹೇಳಬೇಕಿಲ್ಲ.

ಅಪ್ಪಣೆ ಪಡೆಯುವುದು ಹಿಂದೆಯೂ ಇತ್ತಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇತ್ತು. ರೇಡಿಯೋ ಇಟ್ಟುಕೊಂಡವರು 1980ರ ದಶಕದವರೆಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಆದರೆ ಆ ಲೈಸೆನ್ಸು ಸರ್ಕಾರಕ್ಕೂ ನಾಗರಿಕನಿಗೂ ನಡುವಿನ ಕಾಗದ. ಅದನ್ನು ಓದಬಹುದಿತ್ತು, ವಿರೋಧಿಸಬಹುದಿತ್ತು, ಕೊನೆಗೆ ಅದು ರದ್ದೂ ಆಯಿತು. ಕೇಬಲ್ಲಿನೊಳಗಿನ ಅಪ್ಪಣೆ ಕಣ್ಣಿಗೆ ಬೀಳುವುದಿಲ್ಲ. ಪರದೆ ಕಪ್ಪಾದಾಗ ಮನೆಯವರು ವೈರು ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುತ್ತಾರೆ. ಕಲಾವಿದರಿಗೆ ರಕ್ಷಣೆ ಬೇಡವೇ ಎಂದರೆ, ಬೇಕು. ಅದನ್ನು ಕೊಡಲು ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯಿದೆ, ವಿಚಾರಿಸಲು ನ್ಯಾಯಾಲಯಗಳಿವೆ. ತಪ್ಪು ಮಾಡದವನ ಮನೆಯ ಯಂತ್ರವೂ ಪ್ರತಿ ಸಲ ಗುರುತು ತೋರಿಸಬೇಕೆಂಬುದು ಆ ಕಾಯಿದೆಯ ನ್ಯಾಯಕ್ಕಿಂತ ಬೇರೆ ಬಗೆಯದು.

ಡಿಜಿಟಲ್ ಎಂದಮಾತ್ರಕ್ಕೆ ಬೀಗ ಅನಿವಾರ್ಯವೆಂದೂ ಹೇಳಲಾಗದು. ಅಂತರಸಂತೆಯಿರುವ ಹೆಗ್ಗಡದೇವನಕೋಟೆ ಸೀಮೆಯಲ್ಲೇ, ಸರಗೂರಿನಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ‘ಜನಧ್ವನಿ’ ಎಂಬ ಸಮುದಾಯ ಬಾನುಲಿ ನಡೆಸುತ್ತಿದೆ. ಇಂಥ ನಿಲಯಗಳಲ್ಲಿ ಕಾರ್ಯಕ್ರಮಗಳು ಕಂಪ್ಯೂಟರಿನಲ್ಲಿ ಅಂಕಿಗಳಾಗಿಯೇ ಇರುತ್ತವೆ, ಆದರೂ ಎಫ್‌ಎಂ ಅಲೆಯಾಗಿ ಹೊರಟ ಮೇಲೆ ಅಗ್ಗದ ಸೆಟ್ಟಿಗೂ ದುಬಾರಿ ರಿಸೀವರಿಗೂ ಒಂದೇ ಬಗೆಯಲ್ಲಿ ದಕ್ಕುತ್ತವೆ. ಅಂಕಿಗೆ ಅನುಮತಿಯ ನಂಟು ಕಟ್ಟಿದ್ದು ಮನುಷ್ಯರ ಆಯ್ಕೆ. ಆದ್ದರಿಂದ ರಿಸೀವರ್ ಕೊಳ್ಳುವವರು ವಾಟ್ ಎಷ್ಟು, ಸ್ಪೀಕರ್ ಎಷ್ಟು ಎಂದು ಕೇಳುವಾಗ, ಬೆನ್ನಿನಲ್ಲಿ ಆರ್‌ಸಿಎ ಮತ್ತು ಆಪ್ಟಿಕಲ್ ಕಿಂಡಿಗಳು ಉಳಿದಿವೆಯೇ ಎಂದೂ ನೋಡುವುದು ವಿವೇಕ. ಬೇರೆ ಕಂಪನಿಯ, ಬೇರೆ ಕಾಲದ ಯಂತ್ರವನ್ನು ಬರಮಾಡಿಕೊಳ್ಳುವ ಹಕ್ಕು ಗ್ರಾಹಕರು ಕೇಳಿದರಷ್ಟೇ ಉಳಿಯುತ್ತದೆ. ಕೇಳದ ಕಿಂಡಿಯನ್ನು ಮುಂದಿನ ಮಾಡೆಲ್ಲಿನಲ್ಲಿ ತೆಗೆದುಹಾಕಲು ಕಂಪನಿಗಳಿಗೆ ಬೇರೆ ಕಾರಣ ಬೇಕಿಲ್ಲ.