ಸ್ಪರ್ಧೆಯೂ ಸಂಗ್ರಾಮವೂ

ಇಂದು ಓಟಕ್ಕೂ ಭಾಷಣಕ್ಕೂ ಸಲ್ಲುವ 'ಸ್ಪರ್ಧೆ' ಎಂಬ ಮಾತು ರಣರಂಗದ ನಂಟುಳ್ಳದ್ದು. ಅದೇ ಧಾತುವಿನಿಂದ ಬಂದ ಋಗ್ವೇದದ 'ಸ್ಪೃಧ್' ಶಬ್ದಕ್ಕೆ ಕಾಳಗವೆಂದೂ ಹಗೆಯೆಂದೂ ಅರ್ಥ; ಪ್ರಾಚೀನ ವೈದಿಕ ಶಬ್ದಕೋಶವಾದ ನಿಘಂಟುವು ಅದನ್ನು ಸಂಗ್ರಾಮದ ಹೆಸರುಗಳಲ್ಲಿಯೇ ಎಣಿಸಿದೆ. ವೇದದ 'ಆಜಿ' ಎಂಬ ಮಾತಿಗೂ ರಥದ ಓಟ, ಯುದ್ಧ ಎಂದು ಎರಡರ್ಥ. ಹಳಗನ್ನಡ ಕವಿಗಳಿಗೆ ಆಜಿಯೆಂದರೆ ಕಾಳಗವೇ.

ಶತಪಥ ಬ್ರಾಹ್ಮಣದ ವಾಜಪೇಯ ಪ್ರಕರಣವು ಈ ಶಬ್ದಬಾಂಧವ್ಯವನ್ನು ಕಥೆಯಾಗಿ ಹೇಳುತ್ತದೆ. ದೇವತೆಗಳೂ ಅಸುರರೂ ಪ್ರಜಾಪತಿಯ ಮಕ್ಕಳೇ. ಅವರೊಳಗೆ ಸ್ಪರ್ಧೆ ಹುಟ್ಟಿತು. ಅಸುರರು ಗರ್ವದಿಂದ ಆಹುತಿಯನ್ನು ತಂತಮ್ಮ ಬಾಯಿಗೇ ಹಾಕಿಕೊಂಡು ಕೆಟ್ಟರು. ದೇವತೆಗಳು ಒಬ್ಬರಿಗೊಬ್ಬರು ಅರ್ಪಿಸಿದರು; ಪ್ರಜಾಪತಿಯು ಅವರಿಗೆ ತನ್ನನ್ನೇ ಕೊಟ್ಟನು, ಯಜ್ಞವು ಅವರದಾಯಿತು. ಬಳಿಕ ಅದು ತಮ್ಮಲ್ಲಿ ಯಾರಿಗೆ ಸೇರತಕ್ಕದ್ದೆಂಬ ಮಾತು ಬಂದಾಗ ಅವರು ಕಾದಲಿಲ್ಲ, ಆಜಿಯನ್ನು ಓಡಿದರು. ಸವಿತೃವಿನ ಪ್ರೇರಣೆಯನ್ನು ಪಡೆದ ಬೃಹಸ್ಪತಿಯು ಗೆದ್ದನು. ವಾಜಪೇಯದಲ್ಲಿ 17 ರಥಗಳ ಓಟವು ಆ ಆಜಿಯನ್ನು ನೆನಪಿಗೆ ತರುತ್ತದೆ.

ಒಂದೇ ತಂದೆಯ ಮಕ್ಕಳಲ್ಲಿಯೂ ಸ್ಪರ್ಧೆ ತಪ್ಪಿದ್ದಲ್ಲವೆಂದು ಈ ಆಖ್ಯಾನವು ಒಪ್ಪುತ್ತದೆ. ಆದರೆ ತನ್ನ ಬಾಯಿಗೇ ಹೋಮಮಾಡಿಕೊಂಡವನಿಗೆ ಗೆಲುವಿಲ್ಲವೆಂಬುದು ಅದರ ನಿರ್ಣಯ.