ಬಿಯರ್ ಹೆಸರು ಕಳಚಿಟ್ಟ ತಂಡ

ಒಂದು ಕ್ರೀಡಾ ತಂಡದಿಂದ ಅದರ ಹೆಸರನ್ನೇ ಸರ್ಕಾರ ಕಿತ್ತುಕೊಂಡರೆ ಆ ತಂಡ ಏನು ಮಾಡಬೇಕು? ಬಾಗಿಲು ಮುಚ್ಚಬೇಕಾ, ಬೇರೆ ಹೆಸರಿಟ್ಟುಕೊಂಡು ಆಡಬೇಕಾ? ಇದು ಊಹೆಯ ಪ್ರಶ್ನೆ ಅಲ್ಲ, ವೀಕ್ಷಕರೇ. 2011ರಲ್ಲಿ ಟರ್ಕಿಯ ಇಸ್ತಾಂಬುಲ್ ನಗರದಲ್ಲಿ ನಿಜವಾಗಿ ನಡೆದದ್ದು. ತಂಡದ ಹೆಸರು ಎಫೆಸ್ ಪಿಲ್ಸೆನ್. ಆಟ ಬಾಸ್ಕೆಟ್‌ಬಾಲ್. ಅಷ್ಟು ಹೊತ್ತಿಗೆ ಅದು 13 ಸಲ ಟರ್ಕಿಯ ಚಾಂಪಿಯನ್. ಆದರೆ ಎಫೆಸ್ ಪಿಲ್ಸೆನ್ ಅಂದರೆ ಬಿಯರ್. ಸಮಸ್ಯೆ ಅಲ್ಲಿಂದಲೇ ಶುರು.

ಸ್ವಲ್ಪ ಹಿಂದಕ್ಕೆ ಹೋಗೋಣ. ಇಸ್ತಾಂಬುಲ್ ಅಂದರೆ ಮೂರು ದೊಡ್ಡ ಕ್ಲಬ್‌ಗಳ ಊರು. ಬೆಶಿಕ್ತಾಶ್ ಹುಟ್ಟಿದ್ದು 1903ರಲ್ಲಿ, ಗಲಾತಸರಾಯ್ 1905ರಲ್ಲಿ, ಫೆನರ್‌ಬಾಚೆ 1907ರಲ್ಲಿ. ಮೂರೂ ಒಟ್ಟೋಮನ್ ಸುಲ್ತಾನರ ಕಾಲದವು. ಅಲ್ಲಿನ ಮಗು ಯಾವ ಕ್ಲಬ್ ಅನ್ನೋದು ಅಪ್ಪ ಯಾವ ಕ್ಲಬ್ ಅನ್ನೋದರ ಮೇಲೆ ನಿಂತಿರುತ್ತೆ. ಇಂಥ ಊರಲ್ಲಿ 1976ರಲ್ಲಿ ಒಂದು ಬಿಯರ್ ಕಂಪನಿ ಬಂದು, ಕಾಡಿಕೋಯ್‌ಸ್ಪೋರ್ ಎಂಬ ಎರಡನೇ ದರ್ಜೆಯ ಬಾಸ್ಕೆಟ್‌ಬಾಲ್ ತಂಡವನ್ನು ವಹಿಸಿಕೊಂಡಿತು. ಅದಕ್ಕೆ ತನ್ನ ಬ್ರ್ಯಾಂಡಿನ ಹೆಸರನ್ನೇ ಇಟ್ಟಿತು. ಹಿಂದೆ ಇದ್ದದ್ದು ಯಾಝಿಜಿ ಮತ್ತು ಓಜಿಲ್ಹಾನ್ ಎಂಬ ಎರಡು ಕುಟುಂಬಗಳು 1950ರಲ್ಲಿ ಕಟ್ಟಿದ ಅನಾದೊಲು ಗ್ರೂಪ್. ಬಿಯರ್ ವ್ಯಾಪಾರಕ್ಕೆ ಅವರು ಇಳಿದದ್ದು 1969ರಲ್ಲಿ.

ಈ ಹೆಸರನ್ನು ಬಿಡಿಸಿ ನೋಡಿ, ಮಜಾ ಇದೆ. ಪಿಲ್ಸೆನ್ ಅಂದರೆ ಚೆಕ್ ದೇಶದ ಒಂದು ಊರು, ಆ ಊರಿನ ಹೆಸರೇ ಒಂದು ಬಗೆಯ ಬಿಯರಿಗೆ ಅಂಟಿಕೊಂಡಿದೆ. ಎಫೆಸ್ ಅಂದರೆ ಟರ್ಕಿಯ ಪಶ್ಚಿಮ ಕರಾವಳಿಯ ಪುರಾತನ ನಗರ. ಕನ್ನಡ ಬೈಬಲ್ ಓದಿದವರಿಗೆ ಇದು ಗೊತ್ತು, ಸಂತ ಪೌಲ ಎಫೆಸದವರಿಗೆ ಪತ್ರ ಬರೆದ ಅದೇ ಎಫೆಸ. ಅಂದರೆ ಒಂದು ಬಾಟಲಿಯ ಮೇಲೆ ಎರಡು ಊರು. 2011ರಲ್ಲಿ ತಂಡವನ್ನು ಉಳಿಸಿದ್ದು ಇದೇ ಅಂತ ನನ್ನ ಅಭಿಪ್ರಾಯ. ಅದಕ್ಕೆ ಆಮೇಲೆ ಬರ್ತೀನಿ.

1978ರಲ್ಲಿ ತಂಡ ಮೊದಲ ದರ್ಜೆಗೆ ಏರಿತು. ಏರಿದ ಮೊದಲ ವರ್ಷವೇ, 1979ರಲ್ಲಿ, ಚಾಂಪಿಯನ್! ಆದರೆ ಆ ವರ್ಷ ಟರ್ಕಿಗೆ ಸಂಭ್ರಮದ ವರ್ಷ ಆಗಿರಲಿಲ್ಲ. ಎಡಪಂಥೀಯರು, ಬಲಪಂಥೀಯರು ಬೀದಿಯಲ್ಲೇ ಗುಂಡು ಹಾರಿಸಿಕೊಳ್ಳುತ್ತಿದ್ದ ಕಾಲ. 1979ರ ಫೆಬ್ರವರಿ 1ರಂದು 'ಮಿಲ್ಲಿಯೆತ್' ಪತ್ರಿಕೆಯ ಸಂಪಾದಕ ಅಬ್ದಿ ಇಪೆಕ್ಚಿಯನ್ನು ಇಸ್ತಾಂಬುಲ್‌ನಲ್ಲಿ ಕಾರಿನಲ್ಲೇ ಗುಂಡಿಟ್ಟು ಕೊಂದರು. ಕೊಂದವನು ಮೆಹ್ಮೆತ್ ಅಲಿ ಆಜಾ. ಸಿಕ್ಕಿಬಿದ್ದ, ಜೈಲಿನಿಂದ ತಪ್ಪಿಸಿಕೊಂಡ. 1981ರಲ್ಲಿ ರೋಮ್‌ಗೆ ಹೋಗಿ ಪೋಪ್ ಎರಡನೇ ಜಾನ್ ಪಾಲ್ ಮೇಲೆ ಗುಂಡು ಹಾರಿಸಿದವನೂ ಇವನೇ. ಬಾಸ್ಕೆಟ್‌ಬಾಲ್ ಕಥೆಯಲ್ಲಿ ಇದೆಲ್ಲ ಯಾಕೆ ಅಂತೀರಾ? 1989ರಲ್ಲಿ ಇಸ್ತಾಂಬುಲ್‌ನಲ್ಲಿ ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣ ತೆರೆದಾಗ ಅದಕ್ಕೆ ಇಟ್ಟ ಹೆಸರು ಅಬ್ದಿ ಇಪೆಕ್ಚಿ. ಒಬ್ಬ ಪತ್ರಕರ್ತನ ಹೆಸರು! ಮಂತ್ರಿಯದ್ದಲ್ಲ, ಸೇನಾಧಿಕಾರಿಯದ್ದಲ್ಲ. ನಾನು ಇದೇ ವೃತ್ತಿಯವನು, ಹಾಗಾಗಿ ಈ ವಿಷಯವನ್ನು ಸುಮ್ಮನೆ ದಾಟಿಹೋಗೋಕೆ ಮನಸ್ಸು ಬರಲ್ಲ. ಎಫೆಸ್ ತಂಡದ ದೊಡ್ಡ ದಿನಗಳು ಕಂಡದ್ದು ಆ ಛಾವಣಿಯ ಕೆಳಗೇ.

ಆ ದಿನಗಳ ಬಗ್ಗೆ ಹೇಳಬೇಕಾದರೆ 1993ರಿಂದ ಶುರು ಮಾಡಬೇಕು. ಕೋಚ್ ಆಯ್ದಿನ್ ಓರ್ಸ್. ಆಟವನ್ನು ನಡೆಸುತ್ತಿದ್ದವನು ಮ್ಯಾಸಿಡೋನಿಯಾದ ಪೇತರ್ ನಾವುಮೋಸ್ಕಿ. ಇಟಲಿಯ ಟ್ಯುರಿನ್‌ನಲ್ಲಿ ಯುರೋಪಿಯನ್ ಕಪ್ ಫೈನಲ್. ಎದುರಾಳಿ ಗ್ರೀಸ್‌ನ ಆರಿಸ್. ಟರ್ಕಿ ಮತ್ತು ಗ್ರೀಸ್ ಅಂದರೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಭಾರತ-ಪಾಕ್ ಮ್ಯಾಚ್ ನೋಡಿದವರು ನಾವು. ಎಫೆಸ್ ಸೋತದ್ದು 50-48ರಲ್ಲಿ. ಬರೀ ಒಂದು ಬುಟ್ಟಿಯ ಅಂತರ!

ಮೂರು ವರ್ಷ ಬಿಟ್ಟು, 1996ರಲ್ಲಿ ಕೋರಾಚ್ ಕಪ್ ಫೈನಲ್. ಎದುರಿಗೆ ಇಟಲಿಯ ಮಿಲಾನ್ ತಂಡ. ಈ ಫೈನಲ್‌ಗೆ ಎರಡು ಪಂದ್ಯ, ಒಂದು ಇಲ್ಲಿ, ಒಂದು ಅಲ್ಲಿ. ಎರಡರ ಅಂಕ ಕೂಡಿಸಿ ನೋಡೋದು. ಇಸ್ತಾಂಬುಲ್‌ನಲ್ಲಿ ಎಫೆಸ್ 76-68ರಿಂದ ಗೆದ್ದಿತು, ಎಂಟು ಅಂಕ ಮುಂದೆ. ಮಿಲಾನ್‌ನಲ್ಲಿ 77-70ರಿಂದ ಸೋತಿತು, ಏಳು ಅಂಕ ಹಿಂದೆ. ಲೆಕ್ಕ ಹಾಕಿ: 146-145. ಪಂದ್ಯ ಸೋತರು, ಕಪ್ ಗೆದ್ದರು. ಒಂದೇ ಒಂದು ಅಂಕ. ಯಾವುದೇ ತಂಡ-ಕ್ರೀಡೆಯಲ್ಲಿ ಟರ್ಕಿಯ ಕ್ಲಬ್ಬೊಂದು ಗೆದ್ದ ಮೊದಲ ಯುರೋಪಿಯನ್ ಟ್ರೋಫಿ ಅದು. ನೂರು ವರ್ಷ ಹತ್ತಿರ ಬಂದಿದ್ದ ಗಲಾತಸರಾಯ್‌ಗೂ ಫೆನರ್‌ಬಾಚೆಗೂ ಫುಟ್‌ಬಾಲಲ್ಲಿ ಅಲ್ಲಿಯವರೆಗೆ ಆಗದಿದ್ದದ್ದು, ಇಪ್ಪತ್ತು ವರ್ಷದ ಬಿಯರ್ ಕಂಪನಿ ತಂಡಕ್ಕೆ ಬಾಸ್ಕೆಟ್‌ಬಾಲಲ್ಲಿ ಆಯಿತು.

ಆಮೇಲೆ ಅಮೆರಿಕದ ಎನ್‌ಬಿಎ ಬಾಗಿಲು ತೆರೆಯಿತು. 1998ರಲ್ಲಿ ಮಿರ್ಸಾದ್ ತುರ್ಕ್‌ಜಾನ್, 2000ದಲ್ಲಿ ಹಿದಾಯೆತ್ ತುರ್ಕೋಲು, 2001ರಲ್ಲಿ ಮೆಹ್ಮೆತ್ ಓಕುರ್. ಮೂವರೂ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದಾಗ ಎಫೆಸ್ ಆಟಗಾರರೇ.

ಆದರೂ ಒಂದು ಕೊರತೆ ಇದ್ದೇ ಇತ್ತು. ಕಪ್ಪು ಬಂತು, ಊರು ಬರಲಿಲ್ಲ. ಕಂಪನಿ ತಂಡಕ್ಕೆ ಗಲ್ಲಿ ಇರಲ್ಲ, ಅಪ್ಪನಿಂದ ಮಗನಿಗೆ ಬರುವ ಹಠ ಇರಲ್ಲ. ಲೆಕ್ಕಪತ್ರ ಸರಿಹೋಗದ ದಿನ ಕಂಪನಿ ಕೈ ತೊಳೆದುಕೊಂಡರೆ ಕೇಳೋರು ಯಾರು? ಟರ್ಕಿಯಲ್ಲೇ ನೋಡಿ. ಔಷಧಿ ಕಂಪನಿ ಎಜ್ಜಾಜಿಬಾಷಿಯ ಪುರುಷರ ಬಾಸ್ಕೆಟ್‌ಬಾಲ್ ತಂಡ ಒಂದು ಕಾಲದ ದೊರೆ, ಆಮೇಲೆ ಇಲ್ಲವೇ ಇಲ್ಲ. ಬಿಸ್ಕತ್ತು ಕಂಪನಿ ಉಲ್ಕೆರ್‌ನ ತಂಡ 2006ರಲ್ಲಿ ಫೆನರ್‌ಬಾಚೆಯೊಳಗೆ ಕರಗಿಹೋಯಿತು. ನಮ್ಮಲ್ಲೂ ಇದೇ ತಾನೇ? ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದ ಪಂಜಾಬಿನ ಜೆಸಿಟಿ ಮಿಲ್ಸ್ ತಂಡ 2011ರಲ್ಲಿ ಮುಚ್ಚಿತು. ಅದಕ್ಕೂ ಒಂದು ವರ್ಷ ಮೊದಲು ಮಹೀಂದ್ರಾ ಯುನೈಟೆಡ್. ಎಷ್ಟು ಜನ ಬೀದಿಗಿಳಿದರು?

ಅದೇ 2011ಕ್ಕೆ ಬರೋಣ. ಎರ್ದೊಆನ್ ಆಗ ಪ್ರಧಾನಿ. ಟರ್ಕಿಯ ತಂಬಾಕು ಮತ್ತು ಮದ್ಯ ಮಾರುಕಟ್ಟೆ ನಿಯಂತ್ರಣ ಪ್ರಾಧಿಕಾರ ಹೊಸ ನಿಯಮ ತಂದಿತು: ಮದ್ಯದ ಬ್ರ್ಯಾಂಡಿನ ಹೆಸರು ಕ್ರೀಡಾ ತಂಡಕ್ಕೆ ಇರಕೂಡದು. ಎಳೆಯರು ನೋಡುವ ಆಟದಲ್ಲಿ ಬಿಯರ್ ಹೆಸರು ಬೇಡ ಅನ್ನೋದು ಒಂದು ವಾದ. ಧರ್ಮದ ರಾಜಕಾರಣವನ್ನು ಆರೋಗ್ಯದ ಹೆಸರಲ್ಲಿ ಹೇರುತ್ತಿದ್ದಾರೆ ಅನ್ನೋದು ಇನ್ನೊಂದು ವಾದ. ನನ್ನನ್ನು ಕೇಳಿದರೆ, ಎರಡರಲ್ಲೂ ನಿಜ ಇದೆ. ಮಕ್ಕಳ ಜೆರ್ಸಿಯ ಮೇಲೆ ಬಿಯರ್ ಹೆಸರನ್ನು ನಾನಂತೂ ಸಮರ್ಥಿಸಲಾರೆ. ಆದರೆ 35 ವರ್ಷದ ನೆನಪನ್ನು ಒಂದು ಸುತ್ತೋಲೆಯಿಂದ ಅಳಿಸುವಾಗ ಕೈ ಸ್ವಲ್ಪವಾದರೂ ನಡುಗಬೇಕಲ್ವಾ?

ಕಂಪನಿ ತಂಡವನ್ನು ಮುಚ್ಚಲಿಲ್ಲ. ಅದು ಮಾಡಿದ ಕೆಲಸ ಇಷ್ಟೇ: ಪಿಲ್ಸೆನ್ ತೆಗೆಯಿತು, ಅನಾದೊಲು ಸೇರಿಸಿತು. ಅನಾದೊಲು ಎಫೆಸ್. ಅನಾದೊಲು ಅಂದರೆ ಅನಾಟೋಲಿಯಾ, ಟರ್ಕಿಯ ನೆಲ. ಎಫೆಸ್ ಅಂದರೆ ಪುರಾತನ ಊರು. ನೆಲದ ಹೆಸರು, ಊರಿನ ಹೆಸರು, ಇದರಲ್ಲಿ ಯಾರು ತಪ್ಪು ಹುಡುಕ್ತಾರೆ? ಆದರೆ ತಮಾಷೆ ಏನು ಗೊತ್ತಾ, ಬಿಯರ್ ತಯಾರಿಸುವ ಆ ಕಂಪನಿಯ ಹೆಸರೂ ಅನಾದೊಲು ಎಫೆಸ್ಸೇ! ವಿಸ್ಕಿಯ ಹೆಸರನ್ನು ನೆನಪಿಸುವ ರಾಯಲ್ ಚಾಲೆಂಜರ್ಸ್‌ಗೆ 2008ರಿಂದ ಗಂಟಲು ಹರಿಯುವಂತೆ ಜೈಕಾರ ಹಾಕುತ್ತಾ ಬಂದ ನಮಗೆ ಈ ಜಾಣತನ ಅರ್ಥ ಆಗದೇ ಇರಲ್ಲ. ಮದ್ಯದ ಜಾಹೀರಾತು ನಮ್ಮ ಟಿವಿಯಲ್ಲೂ ನಿಷಿದ್ಧ. ಸೋಡಾ ಹೆಸರಲ್ಲಿ, ಮ್ಯೂಸಿಕ್ ಸಿಡಿ ಹೆಸರಲ್ಲಿ ಏನೇನು ಮಾರುತ್ತಾರೆ ಅನ್ನೋದು ಟಿವಿಯಲ್ಲಿ ಕೂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಹೆಸರು ಬದಲಾದ ಮೇಲೆ ತಂಡ ಕೆಲ ವರ್ಷ ತಡಕಾಡಿತು. 2017ರಲ್ಲಿ ಯುರೋಲೀಗ್ ಗೆದ್ದ ಮೊದಲ ಟರ್ಕಿ ತಂಡ ಎಂಬ ಕೀರ್ತಿ ಫೆನರ್‌ಬಾಚೆಯ ಪಾಲಾಯಿತು, ಅದೂ ಇಸ್ತಾಂಬುಲ್‌ನಲ್ಲೇ. ಮುಂದಿನ ವರ್ಷ ಎಫೆಸ್ ಯುರೋಲೀಗ್‌ನಲ್ಲಿ 16 ತಂಡಗಳಲ್ಲಿ 16ನೆಯದು. 30 ಪಂದ್ಯದಲ್ಲಿ 7 ಗೆಲುವು. ಆ ಋತುವಿನ ಮಧ್ಯೆ ಕೋಚ್ ಆಗಿ ಬಂದವನು ಎರ್ಗಿನ್ ಅತಾಮಾನ್. ಅವನ ಕೈಗೆ ಸಿಕ್ಕವರು ಅಮೆರಿಕದ ಶೇನ್ ಲಾರ್ಕಿನ್ ಮತ್ತು ಸರ್ಬಿಯಾದ ವಾಸಿಲಿಯೆ ಮಿಟ್ಸಿಚ್. ಕೊನೆಯ ಸ್ಥಾನದಲ್ಲಿದ್ದ ತಂಡ ಮರುವರ್ಷವೇ ಫೈನಲ್! ಅಲ್ಲಿ ಮಾಸ್ಕೋದ ಸಿಎಸ್‌ಕೆಎ ಎದುರು 91-83ರಲ್ಲಿ ಸೋಲು. ಅದರ ಮುಂದಿನ ವರ್ಷ 28 ಪಂದ್ಯದಲ್ಲಿ 24 ಗೆದ್ದು ಮೊದಲ ಸ್ಥಾನದಲ್ಲಿದ್ದಾಗ ಕೋವಿಡ್ ಬಂತು, ಲೀಗ್ ರದ್ದಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

2021ರ ಮೇ ತಿಂಗಳಲ್ಲಿ ಜರ್ಮನಿಯ ಕಲೋನ್‌ನಲ್ಲಿ ಬಾರ್ಸಿಲೋನಾವನ್ನು 86-81ರಿಂದ ಮಣಿಸಿ ಯುರೋಲೀಗ್ ಗೆದ್ದರು. ಮರುವರ್ಷ ಬೆಲ್‌ಗ್ರೇಡ್‌ನಲ್ಲಿ ಸೆಮಿಫೈನಲ್, ಒಲಿಂಪಿಯಾಕೋಸ್ ಜೊತೆ 74-74 ಸಮ. ಕೊನೆ ಗಳಿಗೆಯಲ್ಲಿ ಮಿಟ್ಸಿಚ್ ದೂರದಿಂದ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 58-57. ಮತ್ತೆ ಒಂದು ಅಂಕ!

ಈಗ ಆ ತಂಡ ಚದುರಿದೆ. ಮಿಟ್ಸಿಚ್ 2023ರಲ್ಲಿ ಎನ್‌ಬಿಎಗೆ ಹಾರಿದ. ಅತಾಮಾನ್ ಅಥೆನ್ಸ್‌ನ ಪನಾಥಿನಾಯ್ಕೋಸ್‌ಗೆ ಹೋಗಿ 2024ರಲ್ಲಿ ಅದಕ್ಕೇ ಯುರೋಲೀಗ್ ಗೆಲ್ಲಿಸಿಕೊಟ್ಟ. ಒಬ್ಬ ಟರ್ಕಿಯವನು, ಗ್ರೀಕರಿಗೆ! ಅಬ್ದಿ ಇಪೆಕ್ಚಿ ಕ್ರೀಡಾಂಗಣವನ್ನು 2018ರಲ್ಲಿ ಕೆಡವಿದರು. ಅದೇ ಜಾಗದಲ್ಲಿ ಹೊಸ ಬಾಸ್ಕೆಟ್‌ಬಾಲ್ ಕೇಂದ್ರ ಎದ್ದಿದೆ, ಎಫೆಸ್ ಈಗ ಅಲ್ಲೇ ಆಡುತ್ತೆ. ಬಾಗಿಲ ಮೇಲೆ ಈಗ ಇರೋದು ಒಂದು ಮೊಬೈಲ್ ಕಂಪನಿಯ ಹೆಸರು.