ಕೌದಿ ಕಲಿಸಿದವರು

ಕೌದಿಗೆ ಶಾಸನವಿಲ್ಲ. ಬಾದಾಮಿ, ಐಹೊಳೆಗಳ ಕಲ್ಲುಗಳ ಮೇಲೆ ಅರಸರ ಹೆಸರುಗಳಿವೆ, ಕವಿಯ ಹೆಸರೂ ಇದೆ. ಅದೇ ಸೀಮೆಯ ಜನ ಚಳಿಗಾಲದ ರಾತ್ರಿಗಳಲ್ಲಿ ಹೊದ್ದು ಮಲಗಿದ್ದನ್ನು ಹೊಲಿದವರಾರೆಂಬುದನ್ನು ಮಾತ್ರ ಯಾರೂ ಕೊರೆಸಿಡಲಿಲ್ಲ. ಇದಕ್ಕೆ ಬರೆಯುವವರ ಅಲಕ್ಷ್ಯವೊಂದೇ ಕಾರಣವಲ್ಲ. ಕೌದಿಯ ಗುಣವೇ ಹಾಗಿದೆ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರುಪದರಾಗಿ ಹಾಸಿ, ಅಂಚಿನಿಂದ ಅಂಚಿಗೆ ಸಾಲುಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ. ಅದು ಜೀರ್ಣವಾದಾಗ ಯಾರೂ ಎಸೆಯುವುದಿಲ್ಲ. ಹೊಸ ಕೌದಿಯ ಹೊಟ್ಟೆಯೊಳಗೆ ಸೇರಿಸಿಬಿಡುತ್ತಾರೆ. ಅಜ್ಜಿಯ ಕೌದಿ ಮೊಮ್ಮಗಳ ಕೌದಿಯೊಳಗೆ ಅಡಗಿದ ಮೇಲೆ ಇತಿಹಾಸಕಾರನ ಕೈಗೆ ಸಿಗುವುದೇನು?

ಸೂಜಿಗೆ ನಮ್ಮಲ್ಲಿ ಗೌರವವಿರಲಿಲ್ಲವೆಂದಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರು ತಮ್ಮ ಕಸುಬನ್ನೇ ಹೆಸರಾಗಿ ಧರಿಸಿದರು. ಸಂನ್ಯಾಸಿಗಳ ತೇಪೆಯ ಹೊದಿಕೆಗೆ ಸಂಸ್ಕೃತದಲ್ಲಿ ಕಂಥೆಯೆಂಬ ಹೆಸರಿದೆ. ಬಂಗಾಳದ ಕಾಂಥಾ, ನಮ್ಮ ನೆರೆಯ ಮರಾಠಿಗರ ಗೋಧಡಿ, ನಮ್ಮ ಕೌದಿ, ಇವೆಲ್ಲ ಒಂದೇ ಬಳಗದವು.

ಇದರ ಕಲಿಕೆಯ ಕ್ರಮ ವಿಚಾರಕ್ಕೆ ಯೋಗ್ಯವಾದುದು. ಕೌದಿ ದೊಡ್ಡದು, ಮಡಿಲಲ್ಲಿ ಹಿಡಿಯದು. ಪಡಸಾಲೆಯ ನೆಲದ ಮೇಲೆಯೇ ಹರವಬೇಕು. ಹಾಗೆ ಹರವಿದಾಗ ಒಬ್ಬಳಿಂದ ಆಗುವ ಕೆಲಸವಲ್ಲ. ತಾಯಿ ಒಂದು ಅಂಚಿಗೆ ಕುಳಿತರೆ ಮಗಳು ಇನ್ನೊಂದಕ್ಕೆ. ಮಗಳ ಮೊದಲ ಪಾಠ ಕಣ್ಣು ಮಂಜಾದ ಅಜ್ಜಿಗೆ ಸೂಜಿ ಪೋಣಿಸಿಕೊಡುವುದು. ಆಮೇಲೆ ಚಿಂದಿ ಆರಿಸುವುದು, ಯಾವ ಅರಿವೆ ಇನ್ನೂ ಗಟ್ಟಿ, ಯಾವುದು ಒಳಗಿನ ಪದರಿಗಷ್ಟೇ ಸಾಕು ಎಂದು ಜಗ್ಗಿ ನೋಡುವುದು. ಕಟ್ಟಕಡೆಗೆ ಅಜ್ಜಿ ಹಾಕಿದ ಸಾಲಿನ ಪಕ್ಕದಲ್ಲಿ, ಬೆರಳಿನ ಅಂತರದಲ್ಲಿ, ತನ್ನದೊಂದು ಸಾಲು. ಸಾಲು ಸೊಟ್ಟಗಾದರೆ ಬಿಚ್ಚುವ ಶಿಕ್ಷೆಯಿಲ್ಲ. ಮುಂದಿನ ಸಾಲು ಅದನ್ನು ತಿದ್ದಿಕೊಳ್ಳುತ್ತದೆ. ನಮ್ಮ ಅವ್ವನ ಮಾತಿನಲ್ಲಿ ಹೇಳುವುದಾದರೆ, "ಕೌದಿ ಕಲಿಸೂದಲ್ಲ, ಬಾಜೂಕ್ಕ ಕೂಡಿಸ್ಕೊಳ್ಳೂದು."

ಮನೆಯ ಹೊರಗಿನ ಗುರುಗಳೂ ಇದ್ದರು. ಗೊಂದಲಿಗರೇ ಮೊದಲಾದ ಅಲೆಮಾರಿ ಜನರ ಹೆಂಗಸರು ಊರೂರು ತಿರುಗಿ, ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿದುಕೊಡುತ್ತಿದ್ದರು. ಅವರ ಕೈಚಳಕ ನೋಡಿ ಕಲಿತ ಗೃಹಿಣಿಯರೆಷ್ಟೋ! ಕೂಲಿಯ ಕಾಳು ಅಳೆದುಕೊಟ್ಟವರು ಕಲಿತದ್ದಕ್ಕೆ ಬೇರೆ ಬೆಲೆ ಕಟ್ಟಲಿಲ್ಲ.

ಮುಂದೆ ಹೊಲಿಗೆ ಶಾಲೆಯನ್ನೂ ಹೊಕ್ಕಿತು. ನಾವಿರುವ ಈ ಪುಣೆಯಲ್ಲಿಯೇ 1909ರಲ್ಲಿ ರಮಾಬಾಯಿ ರಾನಡೆಯವರ ಮುಂದಾಳುತನದಲ್ಲಿ ಪ್ರಾರಂಭವಾದ ಸೇವಾಸದನವು ಹೊಲಿಗೆಯ ವರ್ಗಗಳನ್ನು ನಡೆಸಿ, ವಿಧವೆಯರಿಗೂ ಬಡ ಹೆಂಗಸರಿಗೂ ಸ್ವಂತ ದುಡಿಮೆಯ ದಾರಿ ತೋರಿಸಿತು. ಯಂತ್ರಗಳ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಗಾಂಧೀಜಿಯವರು ಸಹ 1924ರಲ್ಲಿ ಸಿಂಗರ್ ಹೊಲಿಗೆಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿಯ ಶ್ರಮ ಕಂಡು ಮರುಗಿದ ಗಂಡನೊಬ್ಬನ ಪ್ರೀತಿ ಅದರಲ್ಲಿದೆ ಎಂಬುದು ಅವರ ಭಾವನೆ. ಈ ಉಪಕಾರ ಸಣ್ಣದಲ್ಲ. ಆದರೆ ಅದರೊಡನೆ ಒಂದು ಭೇದವೂ ಬಂತು. ಶಾಲೆಯಲ್ಲಿ ಕಲಿತ ಕೈಗೆ ಪ್ರಮಾಣಪತ್ರ ಸಿಕ್ಕಿತು. ಪಡಸಾಲೆಯಲ್ಲಿ ಕಲಿತ ಕೈ "ಮನೆಗೆಲಸ"ವಾಗಿಯೇ ಉಳಿಯಿತು.

ಬ್ಯಾಂಕಿನ ಗುಮಾಸ್ತನಾದ ನನಗೆ ಈ ಭೇದ ಮೇಜಿನ ಮೇಲೆಯೇ ಕಾಣುತ್ತದೆ. ಹೊಲಿಗೆಯಂತ್ರಕ್ಕೆ ಸಾಲ ಕೇಳಿ ಬರುವ ಹೆಂಗಸರು ಅರ್ಜಿಯ "ತರಬೇತಿ" ಎಂಬ ಕಾಲಮಿನಲ್ಲಿ ಸಂಸ್ಥೆಯ ಹೆಸರು ಬರೆಯುತ್ತಾರೆ. ತಾಯಿಯಿಂದ ಕಲಿತವರು ಅಲ್ಲೊಂದು ಗೀಟು ಎಳೆಯುತ್ತಾರೆ. 2023ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯು ಗುರುಶಿಷ್ಯ ಪರಂಪರೆಯ, ಮನೆತನದಿಂದ ಬಂದ ಕಸುಬುಗಳಿಗಾಗಿಯೇ ಇರುವುದು. ಅದರ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಯಿದ್ದಾನೆ. ಕೌದಿ ಹೊಲಿಯುವವಳ ಹೆಸರು ಬೇರೆಯಾಗಿ ಇಲ್ಲ.

ಹಾಗಿದ್ದೂ ಕೌದಿಗೆ ದೂರದೇಶದ ಮನ್ನಣೆ ತಂದವರು ಪಡಸಾಲೆಯಲ್ಲಿ ಕಲಿತವರೇ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿಗಳ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಎಷ್ಟೋ ಜನ ಗೋವೆಯ ಪೋರ್ತುಗೀಜರ ದಾಸ್ಯದಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಅವರ ಹೆಂಗಸರು ಅಂಚಿನಿಂದ ಹೊಲಿಯುತ್ತ, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ "ಫುಲ"ಗಳು, ಅಂದರೆ ಹೂಗಳು, ಬೇಕೇಬೇಕು. ಅವಿಲ್ಲದೆ ಹೊದಿಕೆ ಬರಿಮೈಯಾಯಿತೆಂದು ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಈ ಹೆಂಗಸರ ಸಹಕಾರ ಸಂಘವೊಂದು ಹುಟ್ಟಿತು. 2011ರಲ್ಲಿ ಇವರ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾದವು. ಇವರಿಗೆ ಯಾವ ಪ್ರಮಾಣಪತ್ರವಿತ್ತು?

ಪರಊರಿಗೆ ಬಂದ ನಮ್ಮಂಥ ಸಂಸಾರಗಳಲ್ಲಿ ಈ ಕಲಿಕೆಗೆ ಎರಡು ತೊಡಕು. ಎರಡು ಕೋಣೆಯ ಮನೆಯಲ್ಲಿ ಕೌದಿ ಹರವಲು ನೆಲವಿಲ್ಲ. ಬಾಜೂಕ್ಕೆ ಕೂಡಲು ಅಜ್ಜಿ ಊರಲ್ಲಿ. ನಮ್ಮ ಅವ್ವ ಪುಣೆಗೆ ಬಂದ ಮೇಲೆ ಹೊಲಿದ ಒಂದೇ ಕೌದಿಯನ್ನು ನೆರೆಮನೆಯ ಮರಾಠಿ ಕಾಕು ಜೊತೆಗೂಡಿ, ಬೇಸಿಗೆಯ ಮಧ್ಯಾಹ್ನ, ಕಟ್ಟಡದ ಗಚ್ಚಿನ ಮೇಲೆ ಹೊಲಿದಳು. ತಳಕ್ಕೆ ಕಾಕೂರವರ ಒಂಬತ್ತು ಗಜದ ಸೀರೆ, ಅಂಚಿಗೆ ಅವ್ವನ ಇಳಕಲ್ಲ ಸೀರೆಯ ಸೆರಗು. ಕಾಕು ಗೋಧಡಿ ಎಂದರು, ಅವ್ವ ಕೌದಿ ಎಂದಳು, ಜಗಳವೇನೂ ಆಗಲಿಲ್ಲ.

ಈ ಸಂಚಿಕೆ ತಲುಪುವ ಮನೆಗಳಲ್ಲಿ ಹಳೆಯ ಕೌದಿಯಿದ್ದರೆ, ಒಂದು ಬಿಳಿ ಅರಿವೆಯ ಚೂರಿನ ಮೇಲೆ ಹೊಲಿದವರ ಹೆಸರು, ಊರು, ಕಲಿಸಿದವರ ಹೆಸರು ಬರೆದು ಅದರ ಹಿಂಬದಿಗೆ ಹೊಲಿದಿಡಬೇಕೆಂದು ನನ್ನ ವಿನಂತಿ. ನಮ್ಮ ಮನೆಯದಕ್ಕೆ ಈ ವರ್ಷ ಹಾಗೆ ಮಾಡಿಸಿದೆ. ಕಲಿಸಿದವರು ಎಂಬಲ್ಲಿ ಅವ್ವ ಮೊದಲು ತನ್ನ ತಾಯಿಯ ಹೆಸರು ಹೇಳಿದಳು, ಆಮೇಲೆ ಅತ್ತೆಯದು. ಮೂರನೆಯವಳು ಅವಳ ತವರೂರಿಗೆ ಬರುತ್ತಿದ್ದ ಗೊಂದಲಿಗರಾಕೆ. ಹೆಸರು ಯಾರೂ ಕೇಳಿರಲಿಲ್ಲ. "ಸುಗ್ಗಿ ಮುಗಿದ ಮ್ಯಾಲ ಬರುವಾಕಿ" ಎಂದು ಬರೆಸಿದಳು.